ಮ್ಯಾಪಿಂಗ್ ಕೋಣೆಯಲ್ಲಿ ಕೇಳುವ ಮಗಳಿಗೆ ತರಗತಿಯಲ್ಲಿ ಯಾಕೆ ಕೇಳುವುದಿಲ್ಲ?

ಪ್ರಶ್ನೆ: ಮಂಡ್ಯದಿಂದ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಒಂಬತ್ತು ವರ್ಷ. ಮೂರು ವರ್ಷದವಳಿದ್ದಾಗ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಗೆ ಆಪರೇಷನ್ ಮಾಡಿ ಹಾಕುವ ಶ್ರವಣ ಸಾಧನ) ಆಯಿತು, ಎಡಗಿವಿಗೆ ಏನೂ ಹಾಕಿಲ್ಲ. ಮೈಸೂರಿಗೆ ಮ್ಯಾಪಿಂಗ್‌ಗೆ, ಅಂದರೆ ಯಂತ್ರದ ಮಟ್ಟ ಹೊಂದಿಸೋಕೆ, ಹೋದಾಗಲೆಲ್ಲ ಅಲ್ಲಿನ ಕೋಣೆಯಲ್ಲಿ ಹೇಳಿಕೊಟ್ಟ ಪದಗಳನ್ನೆಲ್ಲ ಚೆನ್ನಾಗಿಯೇ ಹೇಳುತ್ತಾಳೆ. ಆದರೆ ಈ ವರ್ಷ ಅವಳ ತರಗತಿ ಶಾಲೆಯ ಹೊಸ ಆರ್‌ಸಿಸಿ ಕಟ್ಟಡಕ್ಕೆ ಬದಲಾಯಿತು. ಅಲ್ಲಿಂದ 'ಮಿಸ್ ಮಾತು ಕಲಸಿಹೋಗುತ್ತೆ' ಅಂತಾಳೆ. ಮೊದಲ ಬೆಂಚಿನಲ್ಲೇ ಕೂರಿಸಿದ್ದಾರೆ. ಟೀಚರನ್ನು ಕೇಳಿದರೆ 'ಗಮನ ಕೊಡಲ್ಲ' ಅಂತಾರೆ. ವಾಲ್ಯೂಂ ಜಾಸ್ತಿ ಮಾಡಿಸಿದರೆ ಸರಿಹೋಗುತ್ತಾ? ಇನ್ನೊಂದು ಕಿವಿಗೂ ಆಪರೇಷನ್ ಮಾಡಿಸಬೇಕಾ? ಮುಂದಿನ ತಿಂಗಳು ಮೈಸೂರಿನ ಛತ್ರದಲ್ಲಿ ನಮ್ಮ ಮನೆಯ ಮದುವೆ ಇದೆ, ಅಲ್ಲೂ ಇದೇ ಗತಿ ಆಗುತ್ತೇನೋ ಅಂತ ಭಯ.

ಉತ್ತರ:

ವಾಲ್ಯೂಂ ಹೆಚ್ಚಿಸಬೇಡಿ. ಗುಂಯ್‌ಗುಡುವ ಕೋಣೆಯಲ್ಲಿ ವಾಲ್ಯೂಂ ಏರಿಸಿದರೆ ಮಾತಿನ ಜೊತೆಗೆ ಗುಂಯ್ ಕೂಡ ಅಷ್ಟೇ ಏರುತ್ತದೆ. ಮಗುವಿಗೆ ಸಿಗುವುದು ಇನ್ನಷ್ಟು ಜೋರಾದ ಕಲಸುಮೇಲೋಗರ. ನೀವು ಬರೆದಿರುವ ಲಕ್ಷಣಗಳೆಲ್ಲ, ಅಂದರೆ ಹಳೆಯ ಕೋಣೆಯಲ್ಲಿ ಸರಿ, ಹೊಸದರಲ್ಲಿ ಇಲ್ಲ; ಮ್ಯಾಪಿಂಗ್ ಕೋಣೆಯಲ್ಲಿ ಸರಿ, ಮೊದಲ ಬೆಂಚಿನಲ್ಲೂ ಇಲ್ಲ ಎನ್ನುವುದು, ಕೋಣೆಯ ಅನುರಣನದ (ಗೋಡೆಗಳಿಗೆ ಬಡಿದು ಉಳಿಯುವ ಗುಂಯ್ ಸದ್ದಿನ) ಕಡೆಗೇ ಬೆರಳು ತೋರಿಸುತ್ತವೆ. ಇದನ್ನು ಮನೆಯಲ್ಲೇ ಖಚಿತಪಡಿಸಿಕೊಳ್ಳುವ ದಾರಿಯನ್ನು ಮುಂದೆ ಹೇಳುತ್ತೇನೆ. ಅದು ಖಚಿತವಾದರೆ ಟೀಚರಿಗೆ ಧೈರ್ಯವಾಗಿ ಹೇಳಬಹುದು: ಹುಡುಗಿ ಗಮನ ಕೊಡುತ್ತಲೇ ಇದ್ದಾಳೆ, ಬೇರೆ ಮಕ್ಕಳಿಗಿಂತ ಹೆಚ್ಚೇ ಕೊಡುತ್ತಿದ್ದಾಳೆ, ಆದರೆ ಅವಳ ಪ್ರೊಸೆಸರ್‌ಗೆ (ಹೊರಗೆ ಹಾಕಿಕೊಳ್ಳುವ, ಸದ್ದು ಹಿಡಿದು ಇಂಪ್ಲಾಂಟಿಗೆ ಕಳಿಸುವ ಯಂತ್ರಕ್ಕೆ) ತಲುಪುವ ಹೊತ್ತಿಗೆ ಮಾತು ಮಾತಾಗಿ ಉಳಿದಿರುವುದಿಲ್ಲ.

ಟೀಚರ್ ಒಂದು ಪದ ಹೇಳಿದಾಗ ಅದು ನೇರವಾಗಿ ಒಮ್ಮೆ ಕಿವಿಗೆ ಬರುತ್ತದೆ. ಅದರ ಹಿಂದೆಯೇ ಗೋಡೆ, ತಾರಸಿ, ಟೈಲ್ಸ್ ನೆಲ, ಗಾಜುಗಳಿಗೆ ಬಡಿದು ಬಂದ ಅದೇ ಪದದ ನೂರಾರು ನಕಲುಗಳು ಬರುತ್ತವೆ. ಬೆಟ್ಟದ ಕೆಳಗೆ ನಿಂತು ಕೂಗಿದರೆ ಬಿಡಿಯಾಗಿ ಕೇಳುವ ಪ್ರತಿಧ್ವನಿಯಂತಲ್ಲದೆ, ಕೋಣೆಯೊಳಗೆ ಈ ನಕಲುಗಳು ಒಂದರ ಮೇಲೊಂದು ಬಿದ್ದು ಪದಕ್ಕೆ ಉದ್ದನೆಯ ಬಾಲವಾಗುತ್ತವೆ. ಆ ಬಾಲ 60 ಡೆಸಿಬಲ್‌ನಷ್ಟು ಇಳಿಯಲು ಹಿಡಿಯುವ ಸಮಯವೇ ಆ ಕೋಣೆಯ ಅನುರಣನ ಕಾಲ. ಅಮೆರಿಕದ ತರಗತಿ ಮಾನದಂಡದ ಪ್ರಕಾರ 283 ಘನ ಮೀಟರ್ ಒಳಗಿನ ಖಾಲಿ ತರಗತಿಯಲ್ಲಿ ಇದು 0.6 ಸೆಕೆಂಡ್ ಮೀರಬಾರದು, ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು. ಬರಿಯ ಕಾಂಕ್ರೀಟು, ಗಾರೆ, ಟೈಲ್ಸಿನ ಕೋಣೆ ಇದರ ಹತ್ತಿರಕ್ಕೂ ಬರುವುದಿಲ್ಲ. ಮಂಗಳೂರು ಹೆಂಚಿನ ಹಳೆಯ ಶಾಲೆಗಳಲ್ಲಿ ಹೆಂಚಿನ ಸಂದುಗಳಿಂದ ಸದ್ದು ಒಂದಷ್ಟು ಹೊರಗೆ ಸೋರಿಹೋಗುತ್ತದೆ. ಹೊಸ ಕಟ್ಟಡ ಕಣ್ಣಿಗೆ ಎಷ್ಟೇ ಚೆಂದ ಇದ್ದರೂ ಕಿವಿಗೆ ಕೆಟ್ಟದಾಗಿರಲು ಸಾಧ್ಯ.

ಹಾಗಿದ್ದರೆ ಅದೇ ಕೋಣೆಯಲ್ಲಿ ಬೇರೆ ಮಕ್ಕಳಿಗೆ ಹೇಗೆ ಕೇಳುತ್ತದೆ? ಸಹಜವಾದ ಕಿವಿ ಮೊದಲು ಬಂದ ಸದ್ದನ್ನು ಹಿಡಿದು, ಸೆಕೆಂಡಿನ ಕೆಲವೇ ನೂರನೇ ಭಾಗದೊಳಗೆ ಹಿಂಬಾಲಿಸಿದ ನಕಲುಗಳನ್ನು ಅದರೊಳಗೇ ಸೇರಿಸಿಕೊಂಡುಬಿಡುತ್ತದೆ. ಎರಡು ಕಿವಿಗಳ ನಡುವಿನ ವ್ಯತ್ಯಾಸ, ದನಿಯ ಏರಿಳಿತದ ಸೂಕ್ಷ್ಮ ಇವೆಲ್ಲ ಅದರ ನೆರವಿಗಿರುತ್ತವೆ. ಸಹಜ ಕಾಕ್ಲಿಯದಲ್ಲಿ, ಅಂದರೆ ಒಳಗಿವಿಯ ಶಂಖದಂಥ ಅಂಗದಲ್ಲಿ, ಸದ್ದು ಹಿಡಿಯುವ ಸುಮಾರು 3,500 ಒಳರೋಮಕೋಶಗಳಿವೆ. ಇಂಪ್ಲಾಂಟಿನಲ್ಲಿ ಕಂಪನಿಯನ್ನು ಅವಲಂಬಿಸಿ 12ರಿಂದ 22 ಎಲೆಕ್ಟ್ರೋಡ್‌ಗಳು. ಒಂದರ ವಿದ್ಯುತ್ತು ಪಕ್ಕದ್ದಕ್ಕೂ ಹರಡುವುದರಿಂದ ಬಹಳ ಜನರಿಗೆ ನಿಜವಾಗಿ ಬೇರೆ ಬೇರೆಯಾಗಿ ದಕ್ಕುವುದು ಎಂಟರ ಆಸುಪಾಸು. ದನಿಯ ಸೂಕ್ಷ್ಮ ಸ್ವರ ಬಹುಪಾಲು ಕಳೆದುಹೋಗಿ, ಮಾತು ಎಲ್ಲಿ ಏರಿತು, ಎಲ್ಲಿ ಇಳಿಯಿತು, ಎಲ್ಲಿ ನಿಂತಿತು ಎನ್ನುವ ಸ್ಥೂಲ ಆಕಾರ ಮಾತ್ರ ಮೆದುಳಿಗೆ ಹೋಗುತ್ತದೆ. ಅನುರಣನ ಹಾಳುಮಾಡುವುದು ಸರಿಯಾಗಿ ಆ ಆಕಾರವನ್ನೇ. ಇಂಪ್ಲಾಂಟ್ ಯಾವುದನ್ನು ನಂಬಿಕೊಂಡಿದೆಯೋ ಅದಕ್ಕೇ ಪೆಟ್ಟು.

ಇದನ್ನು ಕನ್ನಡದ ಎರಡು ಪದಗಳಲ್ಲಿ ಹತ್ತಿರದಿಂದ ನೋಡೋಣ: ಕತೆ, ಕತ್ತೆ. ಎರಡಕ್ಕೂ ಇರುವ ವ್ಯತ್ಯಾಸ ಸದ್ದಿನಲ್ಲಿಲ್ಲ, ಮೌನದಲ್ಲಿದೆ. 'ಕ'ದ ಅಕಾರ ಮುಗಿದು ನಾಲಿಗೆ ಹಲ್ಲಿಗೆ ಒತ್ತಿ ನಿಂತಿರುವಷ್ಟು ಹೊತ್ತು ಏನೂ ಸದ್ದಿಲ್ಲ. 'ಕತೆ'ಯಲ್ಲಿ ಆ ಮೌನ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. 'ಕತ್ತೆ'ಯಲ್ಲಿ ಅದರ ಸುಮಾರು ಎರಡರಷ್ಟು. ಅನುರಣನ ಕಾಲ 0.6 ಸೆಕೆಂಡ್ ಇರುವ ಕೋಣೆಯಲ್ಲಿ ಅಕಾರದ ಬಾಲ ಸೆಕೆಂಡಿನ ಹತ್ತನೇ ಭಾಗದಲ್ಲಿ 10 ಡೆಸಿಬಲ್ ಇಳಿಯುತ್ತದೆ, ಮೌನ ಮೌನವಾಗಿಯೇ ಕಾಣುತ್ತದೆ. 1.2 ಸೆಕೆಂಡಿನ ಕೋಣೆಯಲ್ಲಿ ಅಷ್ಟೇ ಹೊತ್ತಿಗೆ ಇಳಿಯುವುದು 5 ಡೆಸಿಬಲ್ ಮಾತ್ರ. ಮೌನದ ಗುಂಡಿಯನ್ನು ಬಾಲ ತುಂಬಿಬಿಟ್ಟಿತು, ಕತೆಯೂ ಕತ್ತೆಯೂ ಒಂದಾದವು. 22 ಚಾನೆಲ್‌ಗಳಲ್ಲಿ (ಎಲೆಕ್ಟ್ರೋಡ್‌ಗಳಿಗೆ ಹೋಗುವ ದಾರಿಗಳಲ್ಲಿ) ಆ ಕ್ಷಣಕ್ಕೆ ಹೆಚ್ಚು ಶಕ್ತಿಯಿರುವ 8ನ್ನು ಮಾತ್ರ ಆರಿಸಿ ಕಳಿಸುವ ಪ್ರೊಸೆಸರ್‌ಗಳಿವೆ. ಗುಂಡಿಯಲ್ಲಿ ಬೇರೇನೂ ಇಲ್ಲದಾಗ ಅವು ಬಾಲವನ್ನೇ ಆರಿಸಿ ಕಳಿಸುತ್ತವೆ. ಬಳೆ–ಬಾಳೆ, ಹಳೆ–ಹಾಳೆ ಜೋಡಿಗಳಲ್ಲಿ ತೊಂದರೆ ಇನ್ನೊಂದು ಬಗೆಯದು: ಬಾಲ ಸೇರಿಕೊಂಡು ಹ್ರಸ್ವ ಸ್ವರವೂ ದೀರ್ಘದಂತೆ ಎಳೆದುಕೊಳ್ಳುತ್ತದೆ.

ವ್ಯಂಜನಗಳು ಸ್ವರಗಳಿಗಿಂತ ಮೊದಲೇ ಮೆಲುದನಿಯವು. ಹಿಂದಿನ ಸ್ವರದ ಬಾಲದಡಿ ಅವು ಸುಲಭವಾಗಿ ಮುಳುಗುತ್ತವೆ. ಅದಕ್ಕೇ ಕೂಗಿ ಹೇಳುವುದರಿಂದ ಲಾಭವಿಲ್ಲ. ಕೂಗಿದಾಗ ಉಬ್ಬುವುದು ಹೆಚ್ಚಾಗಿ ಸ್ವರವೇ, ಅದರ ಬಾಲವೂ ಅದಕ್ಕೆ ತಕ್ಕಂತೆ ಉಬ್ಬುತ್ತದೆ. ಕನ್ನಡಕ್ಕೆ ಇನ್ನೊಂದು ಕಷ್ಟವೂ ಇದೆ. ನಮ್ಮ ವಾಕ್ಯದ ಮುಖ್ಯ ತೀರ್ಮಾನ ಕೊನೆಯಲ್ಲಿರುತ್ತದೆ: 'ಇದನ್ನ ಪೆನ್ನಲ್ಲಿ ಬರೀಬೇಕು', 'ಇದನ್ನ ಪೆನ್ನಲ್ಲಿ ಬರೀಬಾರ್ದು'. ಆ ಹೊತ್ತಿಗೆ ಮಾತಾಡುವವರ ದನಿ ಇಳಿದಿರುತ್ತದೆ, ಹಿಂದಿನ ಪದಗಳ ಬಾಲ ಕೋಣೆ ತುಂಬಿರುತ್ತದೆ. ಮಗು ಹೇಳಿದ್ದಕ್ಕೆ ತಿರುಗುಮುರುಗಾಗಿ ಮಾಡಿದರೆ 'ಹೇಳಿದ ಮಾತು ಕೇಳಲ್ಲ' ಎನ್ನುವ ಹೆಸರು ಬರುವುದು ಇಲ್ಲಿಂದಲೇ. ನಿಮ್ಮ ಮಗಳ ಮೇಲೆ ಆ ಹೆಸರು ಕೂರುವ ಮೊದಲು ಇದನ್ನು ಸರಿಮಾಡಬೇಕು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಅನುರಣನವೋ, ಫ್ಯಾನು–ರಸ್ತೆಯ ಗದ್ದಲವೋ, ಯಂತ್ರದ ದೋಷವೋ ಎಂದು ಬೇರ್ಪಡಿಸಿಕೊಳ್ಳಬೇಕು. ಮೊದಲು ಯಂತ್ರ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಆ, ಈ, ಊ, ಮ್, ಶ್, ಸ್ ಈ ಆರು ಸದ್ದುಗಳನ್ನು ಮುಖ ಕಾಣದಂತೆ, ಕ್ರಮ ಬದಲಿಸಿ, ಒಂದು ಮೀಟರ್ ದೂರದಿಂದ ಹೇಳಿ ಅವಳಿಂದ ಹೇಳಿಸಿ. ಲಿಂಗ್ ಪರೀಕ್ಷೆ ಎಂದು ನಿಮಗೆ ಥೆರಪಿಯಲ್ಲಿ ಹೇಳಿಕೊಟ್ಟಿರಬಹುದು, ಅದೇ. ಶ್, ಸ್ ತಪ್ಪುತ್ತಿದ್ದರೆ ಪ್ರೊಸೆಸರ್ ಮೈಕಿನ ಕವರ್‌ನಲ್ಲಿ ಧೂಳು, ಬೆವರು ಕಟ್ಟಿದೆಯೇ ನೋಡಿ. ನಮ್ಮ ಕಡೆಯ ಬೇಸಿಗೆಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಕೊಳೆಯಾದ ಕವರ್ ಮೈಕಿನ ದಿಕ್ಕು ಹಿಡಿಯುವ ಶಕ್ತಿಯನ್ನೂ ಕೆಡಿಸುತ್ತದೆ. ಕಾಯಿಲ್ ಕೇಬಲ್ (ತಲೆಗೆ ಅಂಟುವ ಬಿಲ್ಲೆಯ ತಂತಿ) ಅಲುಗಾಡಿಸಿದಾಗ ಸದ್ದು ಹೋಗಿ ಬರುತ್ತದೆಯೇ ಕೇಳಿ. ಇವು ಸರಿಯಿದ್ದರೆ ಮುಂದಕ್ಕೆ ಹೋಗಿ.

ಜೋಡಿಪದಗಳ ಪಟ್ಟಿ ಬರೆದುಕೊಳ್ಳಿ: ಕತೆ–ಕತ್ತೆ, ಬಳೆ–ಬಾಳೆ, ಹಳೆ–ಹಾಳೆ, ಹಳಿ–ಹಳ್ಳಿ, ಅಳು–ಆಳು, ಸೋಪು–ಸೊಪ್ಪು, ಮೊಲ–ಮೊಳ, ಎಲೆ–ಎಳೆ, ಕಾಲು–ಕಾಳು. ಅಕ್ಕಿ–ಹಕ್ಕಿ, ಆಲೆ–ಹಾಲೆ ಥರದ ಜೋಡಿ ಬೇಡ. ಮಂಡ್ಯ ಕಡೆಯ ಮಾತಿನಲ್ಲಿ ಹಕಾರ ಹೇಗೂ ಬಿದ್ದುಹೋಗುತ್ತದೆ, ಅದರಲ್ಲಿ ಮಗು ಸೋತರೆ ಏನೂ ತಿಳಿಯುವುದಿಲ್ಲ. ಬಿಡಿಪದ ಹೇಳಬೇಡಿ. 'ಈಗ ನೀನು ___ ಅಂತ ಹೇಳು' ಎಂಬ ವಾಕ್ಯದೊಳಗೆ ಇಡಿ. ಮೊದಲಿನ ಪದಗಳ ಬಾಲ ಮುಂದಿನ ಪದದ ಮೇಲೆ ಬೀಳುವುದೇ ಮುಖ್ಯ ಸಮಸ್ಯೆಯಾದ್ದರಿಂದ ಬಿಡಿಪದದ ಪರೀಕ್ಷೆ ಸಮಸ್ಯೆಯನ್ನು ಮುಚ್ಚಿಹಾಕುತ್ತದೆ.

ತುಟಿ ಕಾಣಬಾರದು, ಆದರೆ ಕೈಯನ್ನೋ ರಟ್ಟನ್ನೋ ಬಾಯಿಗೆ ಅಡ್ಡ ಹಿಡಿದರೆ ಸ, ಶ, ಚ ಸದ್ದುಗಳು ಕುಗ್ಗುತ್ತವೆ. ಕಸೂತಿ ಹಾಕುವ ರಿಂಗಿಗೆ ತೆಳ್ಳನೆಯ ಕಪ್ಪು ಬಟ್ಟೆ ಬಿಗಿದು ಮುಖದ ಮುಂದೆ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಸದ್ದು ದಾಟುತ್ತದೆ, ತುಟಿ ಕಾಣುವುದಿಲ್ಲ.

ಈಗ ನಾಲ್ಕು ಕಡೆ, ಒಂದೊಂದು ಕಡೆ 20 ಪದ. ಹಾಸಿಗೆ, ದಿಂಬು, ಬಟ್ಟೆ ತುಂಬಿದ ಮಲಗುವ ಕೋಣೆಯಲ್ಲಿ ಒಂದು ಮೀಟರಿನಿಂದ. ಮನೆಯ ಅತ್ಯಂತ ಖಾಲಿ ಹಾಲ್‌ನಲ್ಲಿ ಫ್ಯಾನ್, ಟಿ.ವಿ. ಆರಿಸಿ ಒಂದು ಮೀಟರಿನಿಂದ. ಅದೇ ಹಾಲ್‌ನಲ್ಲಿ ನಾಲ್ಕು ಮೀಟರಿನಿಂದ. ಕೊನೆಗೆ ಅದೇ ನಾಲ್ಕು ಮೀಟರಿನಿಂದ ಫ್ಯಾನ್ ಜೋರಾಗಿ ಹಾಕಿ. ಎರಡರಲ್ಲಿ ಒಂದನ್ನು ಆರಿಸುವ ಆಟವಾದ್ದರಿಂದ ಕಣ್ಣುಮುಚ್ಚಿ ಹೇಳಿದರೂ 10 ಸರಿ ಬರಬಹುದು. 15 ದಾಟಿದರೆ ಮಾತ್ರ ಕೇಳಿ ಹೇಳುತ್ತಿದ್ದಾಳೆ ಎಂದುಕೊಳ್ಳಿ. 10–12 ಎಂದರೆ ಊಹೆ. ಹಾಲ್‌ನಲ್ಲಿ ಒಂದು ಮೀಟರಿಗೆ 18 ಬಂದು, ಫ್ಯಾನ್ ಇಲ್ಲದೆಯೂ ನಾಲ್ಕು ಮೀಟರಿಗೆ 11 ಬಂದರೆ ಅನುರಣನವೇ ಕಾರಣವಿರುವ ಸಾಧ್ಯತೆ ಹೆಚ್ಚು. ಫ್ಯಾನ್ ಹಾಕಿದ ಮೇಲಷ್ಟೇ ಬಿದ್ದರೆ ಗದ್ದಲ. ಮಲಗುವ ಕೋಣೆಯಲ್ಲೇ ಬೀಳುತ್ತಿದ್ದರೆ ಮ್ಯಾಪ್ ಅಥವಾ ಯಂತ್ರ. ಅನುರಣನ, ಗದ್ದಲ ಎರಡೂ ಸೇರಿದಾಗ ಆಗುವ ನಷ್ಟ ಬಿಡಿಬಿಡಿಯಾಗಿದ್ದಾಗಿನದಕ್ಕಿಂತ ಹೆಚ್ಚು, ಅದನ್ನು ನಾಲ್ಕನೇ ಅಂಕ ತೋರಿಸುತ್ತದೆ. ಈ ಹಾಳೆಯನ್ನು ಜೋಪಾನವಾಗಿಡಿ.

ಮೊದಲ ಬೆಂಚು ಯಾಕೆ ಸಾಲದು

ನೇರ ಸದ್ದು ದೂರ ಎರಡರಷ್ಟಾದಂತೆಲ್ಲ 6 ಡೆಸಿಬಲ್ ಇಳಿಯುತ್ತದೆ. ಬಾಲದ ಸದ್ದು ಹಾಗಲ್ಲ, ಕೋಣೆಯಲ್ಲಿ ಎಲ್ಲಿ ಕೂತರೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಒಂದು ದೂರದಲ್ಲಿ ಎರಡೂ ಸಮವಾಗುತ್ತವೆ, ಅದರಾಚೆ ಬಾಲದ್ದೇ ಮೇಲುಗೈ. ಒಂದು ಮಾದರಿ ಲೆಕ್ಕ: 7 ಮೀಟರ್ ಉದ್ದ, 6 ಅಗಲ, 3.3 ಎತ್ತರದ ಕೋಣೆ ಸುಮಾರು 139 ಘನ ಮೀಟರ್. 30 ಮಕ್ಕಳು ಕೂತಾಗ ಅನುರಣನ ಕಾಲ 1.2 ಸೆಕೆಂಡ್ ಎಂದುಕೊಂಡರೆ, ಎದುರು ನಿಂತು ಮಾತಾಡುವವರಿಗೆ ಈ ಸಮಬಿಂದು ಒಂದು ಮೀಟರಿಗಿಂತಲೂ ಒಳಗೇ ಬೀಳುತ್ತದೆ. ಮೊದಲ ಬೆಂಚು ಟೀಚರಿಂದ ಎರಡು ಮೀಟರ್ ಇದ್ದರೆ ನಿಮ್ಮ ಮಗಳು ಆಗಲೇ ಬಾಲದ ಸೀಮೆಯಲ್ಲಿ ಕೂತಿದ್ದಾಳೆ. ಪ್ರೊಸೆಸರ್‌ನ ದಿಕ್ಕು ಹಿಡಿಯುವ ಮೈಕುಗಳೂ ಇಲ್ಲಿ ಹೆಚ್ಚು ನೆರವಾಗುವುದಿಲ್ಲ, ಯಾಕೆಂದರೆ ಬಾಲ ಎದುರಿನಿಂದಲೂ ಬರುತ್ತದೆ. ಗದ್ದಲ ತಗ್ಗಿಸುವ ಪ್ರೋಗ್ರಾಂ ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ಗುರುತಿಸಬಲ್ಲದು. ಬಾಲವೂ ಮಾತಿನಿಂದಲೇ ಹುಟ್ಟಿದ್ದರಿಂದ ಅದನ್ನು ಮಾತೆಂದೇ ತಿಳಿಯುತ್ತದೆ. ಮೈಕಿನ ಸೆನ್ಸಿಟಿವಿಟಿ (ಎಷ್ಟು ಮೆಲ್ಲನೆಯ ಸದ್ದನ್ನು ಹಿಡಿಯಬೇಕೆಂಬ ಮಟ್ಟ) ಏರಿಸಿದರೆ ಇನ್ನೂ ದೂರದ, ಇನ್ನೂ ಕ್ಷೀಣವಾದ ಬಾಲಗಳು ಒಳಗೆ ಬರುತ್ತವೆ.

ಹಾಗಾಗಿ ನನ್ನ ಅಭಿಪ್ರಾಯ ಖಚಿತ: ದುಡ್ಡು, ಶ್ರಮ ಎರಡನ್ನೂ ಮೊದಲು ಹಾಕಬೇಕಾದದ್ದು ಟೀಚರ್ ಬಾಯಿಗೂ ಮೈಕಿಗೂ ನಡುವಿನ ದೂರ ತಗ್ಗಿಸುವುದಕ್ಕೆ. ವೈರ್‌ಲೆಸ್ ರಿಮೋಟ್ ಮೈಕ್ ಟೀಚರ್ ಕುತ್ತಿಗೆಯ ಕೆಳಗೆ, ಬಾಯಿಂದ 15–20 ಸೆಂಟಿಮೀಟರ್ ದೂರದಲ್ಲಿದ್ದರೆ ಅದು ಬಾಲ ಸೇರುವ ಮುಂಚೆಯೇ ಮಾತನ್ನು ಹಿಡಿದು ನೇರ ಪ್ರೊಸೆಸರ್‌ಗೆ ಕಳಿಸುತ್ತದೆ. ಕಾಕ್ಲಿಯರ್ ಕಂಪನಿಯ ಮಿನಿ ಮೈಕ್, ಮೆಡ್‌ಎಲ್‌ನ ಆಡಿಯೋಲಿಂಕ್, ಫೋನಾಕ್‌ನ ರೋಜರ್ ಇವೆಲ್ಲ ಈ ಜಾತಿಯವು. ನಿಮ್ಮ ಪ್ರೊಸೆಸರ್ ಮಾದರಿಗೆ ಯಾವುದು ಹೊಂದುತ್ತದೆ, ರಿಸೀವರ್ ಬೇರೆ ಬೇಕೇ ಎಂಬುದನ್ನು ಆಡಿಯಾಲಜಿಸ್ಟ್ ಹತ್ತಿರ ಖಚಿತಪಡಿಸಿಕೊಳ್ಳದೆ ಕೊಳ್ಳಬೇಡಿ. ಶಾಲೆಗೆ ಬರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು (ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿರುವ ಶಿಕ್ಷಕರು) ಬಿ.ಆರ್.ಸಿ. (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಭೇಟಿಮಾಡಿ, ಸಲಕರಣೆಯ ಅಗತ್ಯವನ್ನು ಬರಹದಲ್ಲಿ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್, ಮಾನ್ಯತೆ ಪಡೆದ ಶಾಲೆಗಳಲ್ಲಿ ಮಗುವಿನ ಅಗತ್ಯಕ್ಕೆ ತಕ್ಕ ಸೂಕ್ತ ಅನುಕೂಲ ಮಾಡಿಕೊಡಬೇಕೆನ್ನುತ್ತದೆ. ಪತ್ರದಲ್ಲಿ ಅದನ್ನು ನಮೂದಿಸಿ.

ಮೈಕ್ ಬಂದ ಮೇಲೂ ಅದು ಡಬ್ಬದಲ್ಲೇ ಉಳಿಯುವುದುಂಟು, ಕಾರಣಗಳು ಸಣ್ಣಪುಟ್ಟವು. ಸೀರೆಯ ಸೆರಗಿನಡಿ ಸಿಕ್ಕಿಸಿದರೆ ಬಟ್ಟೆ ಉಜ್ಜುವ ಸರಸರ ಸದ್ದು ಮಾತಿಗಿಂತ ಜೋರಾಗಿ ಹೋಗುತ್ತದೆ. ಮಾಂಗಲ್ಯದ ಸರ, ಐಡಿ ಕಾರ್ಡಿನ ಟ್ಯಾಗ್ ತಗುಲಿದರೂ ಹಾಗೆಯೇ. ಸೆರಗಿನ ಎದುರು ಅಂಚಿಗೆ, ಮೈಕಿನ ತುದಿ ಬಾಯಿಯತ್ತ ಇರುವಂತೆ ಕ್ಲಿಪ್ ಹಾಕಬೇಕು. ಮೇಷ್ಟ್ರುಗಳು ಷರ್ಟಿನ ಜೇಬಿಗೆ ಹಾಕುತ್ತಾರೆ. ಅಲ್ಲಿ ದೂರವೂ ಹೆಚ್ಚು, ಬಟ್ಟೆಯ ಮರೆಯೂ ಹೆಚ್ಚು, ಎರಡನೇ ಗುಂಡಿಯ ಹತ್ತಿರ ಇರಲಿ. ಸ್ಟಾಫ್ ರೂಮಿಗೆ ಹೋದಾಗ, ಬೇರೆ ಮಗುವಿಗೆ ಹತ್ತಿರ ಕೂತು ಪಾಠ ಹೇಳುವಾಗ ಮ್ಯೂಟ್ ಮಾಡಬೇಕು, ಮತ್ತೆ ತೆಗೆಯಲು ಮರೆಯಬಾರದು. ಪ್ರತಿ ಪಿರಿಯಡ್‌ಗೆ ಟೀಚರ್ ಬದಲಾಗುತ್ತಾರೆ, ಆದ್ದರಿಂದ ಮೈಕ್ ಒಯ್ದು ಕೊಡುವ ಕೆಲಸವನ್ನು ನಿಮ್ಮ ಮಗಳಿಗೇ ಕಲಿಸಿ. ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳಬಲ್ಲವಳು ಅವಳೊಬ್ಬಳೇ. ಬೇರೆ ಮಕ್ಕಳು ಉತ್ತರ ಹೇಳುವಾಗ ಮೈಕ್ ಅವರ ಕೈಗೆ ಹೋದರೆ ಒಳ್ಳೆಯದು, ಆಗದಿದ್ದರೆ ಟೀಚರ್ ಆ ಉತ್ತರವನ್ನು ಒಮ್ಮೆ ತಾವೇ ಹೇಳಲಿ.

ರಿಮೋಟ್ ಮೈಕ್ ಮತ್ತು ಪ್ರೊಸೆಸರ್‌ನ ಸ್ವಂತ ಮೈಕ್ ಇವೆರಡರ ಪಾಲು ಎಷ್ಟಿರಬೇಕೆಂದು ಮ್ಯಾಪಿಂಗ್‌ನಲ್ಲಿ ಹೊಂದಿಸಲು ಬರುತ್ತದೆ. ಒಂದಕ್ಕೊಂದು ಸಮ ಇಟ್ಟರೆ ಪಕ್ಕದ ಗೆಳತಿಯ ಮಾತೂ ಕೇಳುತ್ತದೆ, ಆದರೆ ಸ್ವಲ್ಪ ಬಾಲವೂ ಬರುತ್ತದೆ. ರಿಮೋಟ್ ಮೈಕಿಗೆ ಎರಡು ಪಾಲು ಕೊಟ್ಟರೆ ಟೀಚರ್ ಸ್ಪಷ್ಟ, ಗೆಳತಿ ಮಂದ. ಇಂಥ ಕೋಣೆಗೆ ಎರಡಕ್ಕೆ ಒಂದರಿಂದ ಶುರುಮಾಡಿ, ಹದಿನೈದು ದಿನ ನೋಡಿ ಬದಲಿಸುವುದು ವಾಸಿ. ಬೇರೆ ಬೇರೆ ಪಾಲಿನ ಎರಡು ಪ್ರೋಗ್ರಾಂ ಹಾಕಿಸಿಕೊಳ್ಳಿ.

ಕೂರುವ ಜಾಗದ ಮಾತು. ಅವಳ ಇಂಪ್ಲಾಂಟ್ ಬಲಗಿವಿಯಲ್ಲಿದೆ. ಬೋರ್ಡಿಗೆ ಮುಖಮಾಡಿ ಕೂತಾಗ ಕೋಣೆಯ ಎಡಭಾಗದಲ್ಲಿದ್ದರೆ ಬಲಗಿವಿ ತರಗತಿಯ ಕಡೆಗಿರುತ್ತದೆ. ಎರಡನೇ ಸಾಲಾದರೂ ಚಿಂತೆಯಿಲ್ಲ. ಗೋಡೆಗೆ ಒತ್ತಿದ ಮೂಲೆ, ಕಾರಿಡಾರ್ ಬಾಗಿಲು ಬೇಡ. ಟೀಚರಿಗೆ ಎರಡೇ ವಿನಂತಿ ಮಾಡಿ: ಬೋರ್ಡ್ ಕಡೆ ತಿರುಗಿ ಬರೆಯುತ್ತಾ ಮಾತಾಡುವುದು ಬೇಡ, ಮಾತನ್ನು ಚಿಕ್ಕ ತುಂಡು ಮಾಡಿ, ತುಂಡಿನ ಕೊನೆಗೆ ಅರ್ಧ ಸೆಕೆಂಡ್ ನಿಲ್ಲಲಿ. ಆ ಅರ್ಧ ಸೆಕೆಂಡಿನಲ್ಲಿ 1.2 ಸೆಕೆಂಡಿನ ಕೋಣೆಯಲ್ಲೂ ಬಾಲ 25 ಡೆಸಿಬಲ್ ಇಳಿದಿರುತ್ತದೆ, ಮುಂದಿನ ಮಾತು ಸ್ವಚ್ಛ ನೆಲದ ಮೇಲೆ ಬೀಳುತ್ತದೆ.

ಕೋಣೆಯನ್ನೇ ಸರಿಮಾಡುವುದು

ಇದು ನಿಮ್ಮೊಬ್ಬರ ಕೈಯಲ್ಲಿಲ್ಲ, ಆದರೆ ಎಸ್‌ಡಿಎಂಸಿಯೋ (ಶಾಲಾಭಿವೃದ್ಧಿ ಸಮಿತಿ) ಆಡಳಿತ ಮಂಡಳಿಯೋ ಮನಸ್ಸು ಮಾಡಿದರೆ ಆಗದ ಕೆಲಸವೂ ಅಲ್ಲ, ಜೊತೆಗೆ ಇದರಿಂದ ಎಲ್ಲ ಮಕ್ಕಳಿಗೂ ಲಾಭ. ಕಿವಿ ಸರಿಯಿರುವ ಮಕ್ಕಳು ಕೂಡ ಹದಿಹರೆಯದವರೆಗೆ ಗುಂಯ್‌ಗುಡುವ ಕೋಣೆಯಲ್ಲಿ ದೊಡ್ಡವರಷ್ಟು ಚೆನ್ನಾಗಿ ಕೇಳಿಸಿಕೊಳ್ಳಲಾರರು. ಲೆಕ್ಕಕ್ಕೆ ಹಾರ್ವರ್ಡ್‌ನ ವ್ಯಾಲೇಸ್ ಸೇಬಿನ್ 1890ರ ದಶಕದ ಕೊನೆಗೆ ಕಂಡುಕೊಂಡ ಸೂತ್ರವೇ ಸಾಕು: ಘನ ಮೀಟರನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ. ಹೀರಿಕೆಯ ಅಳತೆ ತೆರೆದ ಕಿಟಕಿಯದು. ಹೊರಗೆ ಹೋದ ಸದ್ದು ಮರಳಿ ಬರುವುದಿಲ್ಲವಾದ್ದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿ ಒಂದು ಘಟಕ.

ನಮ್ಮ ಮಾದರಿ ಕೋಣೆಯ ಗೋಡೆ, ತಾರಸಿ, ನೆಲ ಸೇರಿ ಸುಮಾರು 170 ಚದರ ಮೀಟರ್. ಗಾರೆ–ಕಾಂಕ್ರೀಟು ಹೀರುವುದು ನೂರಕ್ಕೆ ಎರಡು ಮೂರು ಪಾಲು, ಅಂದರೆ ಎಲ್ಲ ಸೇರಿ 4 ಘಟಕ. ಬೆಂಚು, ಬಾಗಿಲು, ಬೀರುಗಳಿಗೆ ಇನ್ನೊಂದು 4 ಕೊಡಿ. 30 ಮಕ್ಕಳಿಗೆ ತಲಾ 0.35ರಂತೆ 10.5. ಒಟ್ಟು 18.5, ಕಾಲ 1.2 ಸೆಕೆಂಡ್. 0.6ಕ್ಕೆ ಇಳಿಸಲು 37 ಘಟಕ ಬೇಕು, ಕೊರತೆ 18.5. ಬಿದ್ದ ಸದ್ದಿನಲ್ಲಿ ನೂರಕ್ಕೆ 80 ಪಾಲು ಹೀರುವ ಹಲಗೆಯಾದರೆ 23 ಚದರ ಮೀಟರ್, ಅಂದರೆ ತಾರಸಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಕ್ಕಳಿಲ್ಲದ ಕೋಣೆಗೆ ಮಾನದಂಡ ಕೇಳುವಷ್ಟು ಇದಲ್ಲ, ಆದರೆ ಪಾಠ ನಡೆಯುವ ಹೊತ್ತಿಗೆ ಮಗಳ ಕಿವಿಗೆ ಮುಟ್ಟುವ ವ್ಯತ್ಯಾಸ ದೊಡ್ಡದು. ಬೇಸಿಗೆಯಲ್ಲಿ 1.2 ಮೀಟರ್ ಚೌಕದ ಮೂರು ಕಿಟಕಿ ಪೂರ್ತಿ ತೆರೆದರೂ 4 ಘಟಕ ಸಿಕ್ಕಿ ಕಾಲ 1 ಸೆಕೆಂಡಿಗೆ ಬರುತ್ತದೆ. ಹೊರಗೆ ಬೆಂಗಳೂರು–ಮೈಸೂರು ರಸ್ತೆಯ ಲಾರಿ ಸದ್ದಿದ್ದರೆ ಮಾತ್ರ ಆ ಲಾಭ ಹೋಯಿತು.

50 ಮಿಲಿಮೀಟರ್ ದಪ್ಪದ ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್ ಹಲಗೆಯನ್ನು ಗಾಳಿಯಾಡುವ ಬಟ್ಟೆಯಿಂದ ಪೂರ್ತಿ ಹೊಲಿದು ಮುಚ್ಚಿ ತಾರಸಿಗೆ ಹಾಕುವುದು ಉತ್ತಮ. ನಾರಿನ ಚೂರು ಉದುರದಂತೆ ಬಟ್ಟೆ ಮುಖ್ಯ. ಮೇಲೆ ಪೇಂಟ್ ಬಳಿದರೆ ರಂಧ್ರ ಮುಚ್ಚಿ ಕೆಲಸ ಕೆಡುತ್ತದೆ. ದಪ್ಪನೆಯ ತೆಂಗಿನ ನಾರಿನ ಹಲಗೆಯೂ ಸದ್ದು ಹೀರುತ್ತದೆ, ಆದರೆ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ವೈರಿಂಗ್‌ನಿಂದ ದೂರ ಇರಲಿ. ಜನ ಸಾಮಾನ್ಯವಾಗಿ ದುಡ್ಡು ಕಳೆದುಕೊಳ್ಳುವುದು ಮೂರರಲ್ಲಿ: ಥರ್ಮೋಕೋಲ್, ಮೊಟ್ಟೆ ಟ್ರೇ, ಪಿಒಪಿ ಫಾಲ್ಸ್ ಸೀಲಿಂಗ್. ಥರ್ಮೋಕೋಲಿನ ಗುಳ್ಳೆಗಳು ಮುಚ್ಚಿದಂಥವು, ಗಾಳಿ ಒಳಗೆ ಹೋಗದ ಕಡೆ ಸದ್ದೂ ಸಾಯುವುದಿಲ್ಲ. ಮೊಟ್ಟೆ ಟ್ರೇ ತೀರಾ ತೆಳು. ಪಿಒಪಿ ಇನ್ನೊಂದು ಗಟ್ಟಿ ತಾರಸಿಯಷ್ಟೇ. ತೆಳು ಪರದೆ ಸಾಲದು; ದಪ್ಪ ಬಟ್ಟೆ, ಕಿಟಕಿಯ ಅಗಲದ ಎರಡರಷ್ಟು ತೆಗೆದುಕೊಂಡು ನೆರಿಗೆ ಬರುವಂತೆ, ಗೋಡೆಯಿಂದ ಒಂದು ಗೇಣು ಮುಂದೆ ಹಾಕಿದರೆ ಪ್ರಯೋಜನ. ಮನೆಯ ಹಾಲ್‌ಗೆ ಜಮಖಾನ, ಬಟ್ಟೆಯ ಸೋಫಾ, ತುಂಬಿದ ಪುಸ್ತಕದ ಕಪಾಟು ಸಾಕಷ್ಟಾಯಿತು.

ಇನ್ನು ಎಡಗಿವಿ. ಎರಡನೇ ಇಂಪ್ಲಾಂಟ್‌ನಿಂದ ಲಾಭಗಳಿವೆ: ಸದ್ದು ಬರುವ ದಿಕ್ಕು ಸ್ವಲ್ಪ ತಿಳಿಯುತ್ತದೆ, ಎಡಗಡೆಯಿಂದ ಆಡಿದ ಮಾತೂ ಕೇಳುತ್ತದೆ. ಆದರೆ ಎರಡೂ ಕಿವಿಗೆ ಅದೇ ಬಾಲ ಬರುವುದರಿಂದ ಅನುರಣನಕ್ಕೆ ಅದನ್ನು ಮದ್ದೆಂದು ಭಾವಿಸಿ ಆಪರೇಷನ್‌ಗೆ ಹೋದರೆ ನಿರಾಸೆಯಾಗುತ್ತದೆ. ಮೊದಲು ಎಡಗಿವಿಯಲ್ಲಿ ತಗ್ಗು ಶ್ರುತಿಯ ಸದ್ದುಗಳಿಗೆ ಶ್ರವಣ ಉಳಿದಿದೆಯೇ ಪರೀಕ್ಷೆ ಮಾಡಿಸಿ. ಉಳಿದಿದ್ದರೆ ಆ ಕಿವಿಗೆ ಹಿಯರಿಂಗ್ ಏಡ್ ಹಾಕಿ ನೋಡಬಹುದು. ಇಂಪ್ಲಾಂಟ್ ಕೊಡಲಾರದ ದನಿಯ ಏರಿಳಿತವನ್ನು ಅದು ಸ್ವಲ್ಪ ಕೊಡುತ್ತದೆ. ಮುಂದಿನ ಮ್ಯಾಪಿಂಗ್‌ಗೆ ಹೋಗುವಾಗ ಮನೆಯ ಪರೀಕ್ಷೆಯ ಹಾಳೆ ಒಯ್ಯಿರಿ. ಇಂಪ್ಲಾಂಟ್ ಹಾಕಿಕೊಂಡಾಗಿನ ಶ್ರವಣ ಮಟ್ಟ 250ರಿಂದ 6000 ಹರ್ಟ್ಸ್‌ವರೆಗೆ 20–30 ಡೆಸಿಬಲ್ ಒಳಗಿದೆಯೇ ಕೇಳಿ, ಮತ್ತು ಗದ್ದಲದಲ್ಲಿ ವಾಕ್ಯ ಹೇಳಿಸುವ ಪರೀಕ್ಷೆ ಮಾಡಲು ಕೇಳಿ. ಮೌನದ ಕೋಣೆಯ ಪದಪರೀಕ್ಷೆ ಯಂತ್ರ ಸರಿಯಿದೆ ಎನ್ನುವುದನ್ನಷ್ಟೇ ಹೇಳುತ್ತದೆ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ್ದೇ ಪದಪಟ್ಟಿ, ವಾಕ್ಯಪಟ್ಟಿಗಳು ಸಿದ್ಧವಾಗಿವೆ. ನಿಮಗೆ ಮಂಡ್ಯದಿಂದ ಒಂದೂಕಾಲು ಗಂಟೆಯ ದಾರಿ.

ಮದುವೆಯ ವಿಚಾರ. ಛತ್ರದಲ್ಲಿ ತಾರಸಿ ಎತ್ತರ, ನೆಲ ಗ್ರಾನೈಟು, ನಾಲ್ಕೂ ಕಡೆ ಸ್ಪೀಕರು. ಮೈಕಿನಲ್ಲಿ ಹೇಳಿದ ಮಾತು ಹತ್ತಿರದ ಸ್ಪೀಕರಿನಿಂದ ಮೊದಲು, ದೂರದ್ದರಿಂದ ತಡವಾಗಿ ಬಂದು ಬಾಲದ ಮೇಲೆ ಬಾಲ ಸೇರುತ್ತದೆ. ವಾಲಗ, ಗಟ್ಟಿಮೇಳದ ಹೊತ್ತಿಗೆ ಪ್ರೊಸೆಸರ್ ಜೋರು ಸದ್ದಿಗೆ ತನ್ನ ಮಟ್ಟವನ್ನು ತಾನೇ ಇಳಿಸಿಕೊಳ್ಳುತ್ತದೆ, ಪಕ್ಕದಲ್ಲಿ ಕೂತವರ ಮಾತೂ ಅದರೊಂದಿಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಮಾತಾಡಿಸುವ ಪ್ರಯತ್ನ ಬಿಟ್ಟುಬಿಡಿ. ಊಟದ ಹಾಲ್‌ಗಿಂತ ವಧುವಿನ ಕೋಣೆಯಲ್ಲಿ ಹಾಸಿಗೆ, ಬಟ್ಟೆ, ಜನ ತುಂಬಿರುವುದರಿಂದ ಮಾತು ಚೆನ್ನಾಗಿ ಕೇಳುತ್ತದೆ. ಓರಗೆಯ ಮಕ್ಕಳ ಜೊತೆ ಅಲ್ಲಿ ಬಿಡಿ. ಊಟಕ್ಕೆ ಸಾಲಿನ ಎಡತುದಿಯಲ್ಲಿ ಕೂರಿಸಿದರೆ ಎಲ್ಲರೂ ಅವಳ ಬಲಗಿವಿಯ ಕಡೆಗಿರುತ್ತಾರೆ. ರಿಮೋಟ್ ಮೈಕ್ ಅಷ್ಟರಲ್ಲಿ ಕೈಗೆ ಬಂದಿದ್ದರೆ ಅಜ್ಜಿಯ ಸೆರಗಿಗೋ ಸೋದರಮಾವನ ಕಾಲರಿಗೋ ಹಾಕಿ.

ವೇದಿಕೆಯ ಹಾಡು, ಮಾತು ಕೇಳಿಸಬೇಕೆಂದಿದ್ದರೆ ಸೌಂಡ್ ಸಿಸ್ಟಂನವರನ್ನು ಹಿಂದಿನ ದಿನವೇ ಹಿಡಿಯಿರಿ. ಮಿಕ್ಸರ್‌ನ ಲೈನ್ ಔಟ್ ಅಥವಾ ಆಕ್ಸ್ ಔಟ್‌ನಿಂದ 3.5 ಮಿಲಿಮೀಟರ್ ಪಿನ್ನಿನ ಕೇಬಲ್ ತಂದು, ಲೈನ್ ಇನ್ ಸೌಕರ್ಯವಿರುವ ರಿಮೋಟ್ ಮೈಕಿಗೆ ಸಿಕ್ಕಿಸಬಹುದು. ಸ್ಪೀಕರಿಗೆ ಹೋಗುವ ತಂತಿಯಿಂದ ಎಂದೂ ತೆಗೆಯಕೂಡದು, ಆ ವೋಲ್ಟೇಜಿಗೆ ಮೈಕ್ ಸುಟ್ಟುಹೋಗುತ್ತದೆ. ಮಟ್ಟವನ್ನು ಸೊನ್ನೆಯಲ್ಲಿಟ್ಟು, ಮಗಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಅವಳು 'ಸಾಕು' ಎನ್ನುವವರೆಗೆ ಮೆಲ್ಲಗೆ ಏರಿಸಿ, ಆ ಗುರುತಿಗೆ ಒಂದು ತುಂಡು ಟೇಪ್ ಅಂಟಿಸಿ.